ಹೊರದೇಶದಲ್ಲಿ ಸ್ವಂತ ದುಡಿಮೆ, ಶಾಶ್ವತ ವಾಸ: ಕೊಡಗಿನವರಿಗೊಂದು ಹೋಲಿಕೆಯ ಮಾರ್ಗದರ್ಶಿ

ಕೊಡಗಿನ ಮನೆಗಳಿಂದ ಹೊರಗೆ ಹೋಗಿ ದುಡಿಯುವುದು ಹೊಸ ಸಂಗತಿಯಲ್ಲ. ಸೇನೆಗೆ ಸೇರಿದವರು, ಕೊಲ್ಲಿ ದೇಶಗಳಿಗೆ ಹೋದವರು, ಬೆಂಗಳೂರಿನ ಕಂಪನಿಯೊಂದರ ಮೂಲಕ ಯುರೋಪಿಗೆ ವರ್ಗವಾದವರು ಪ್ರತಿ ಊರಿನಲ್ಲೂ ಸಿಗುತ್ತಾರೆ. ಅವರೆಲ್ಲರ ಬೆನ್ನಿಗೆ ಒಂದು ಸಂಸ್ಥೆ ಇತ್ತು, ಕೈಯಲ್ಲಿ ಸಂಬಳದ ಚೀಟಿ ಇತ್ತು. ಮಡಿಕೇರಿಯಲ್ಲಿ ತೆರಿಗೆ ಮತ್ತು ಲೆಕ್ಕಪತ್ರದ ಕೆಲಸ ಮಾಡುವ ನನ್ನ ಬಳಿಗೆ ಈಚೆಗೆ ಬರುತ್ತಿರುವ ಕಿರಿಯರ ಸ್ಥಿತಿ ಬೇರೆ. ಒಬ್ಬಳು ಅನುವಾದಕಿ, ಒಬ್ಬ ಛಾಯಾಗ್ರಾಹಕ, ಇನ್ನೊಬ್ಬ ಹಾಕಿ ತರಬೇತುದಾರ, ಮತ್ತೊಬ್ಬ ಮನೆಯ ತೋಟದ ಕಾಫಿಯನ್ನು ಹೊರದೇಶದಲ್ಲೇ ಹುರಿದು ಮಾರಬೇಕೆಂದು ಹೊರಟವನು. ಇವರಲ್ಲಿ ಯಾರಿಗೂ ಮಾಲೀಕರಿಲ್ಲ. ಆದರೆ ಇವರೆಲ್ಲರೂ ಕೇಳುವ ಮೊದಲ ಪ್ರಶ್ನೆ ಒಂದೇ: "ಯಾವ ದೇಶದಲ್ಲಿ ಪಿ.ಆರ್., ಅಂದರೆ ಶಾಶ್ವತ ವಾಸದ ಪರವಾನಗಿ, ಬೇಗ ಸಿಗುತ್ತದೆ?"

ಉತ್ತರ ಹೇಳುವ ಮೊದಲು ನಾನು ಇನ್ನೊಂದು ಪ್ರಶ್ನೆಯನ್ನು ಅವರ ಮುಂದಿಡುತ್ತೇನೆ. ನಿಮ್ಮ ದುಡಿಮೆಯಿಂದ ಆ ದೇಶಕ್ಕೆ ಏನು ಸಂದಿತು ಎಂಬುದನ್ನು ಯಾವ ಕಾಗದದಿಂದ ತೋರಿಸುತ್ತೀರಿ? ನೌಕರನ ಪರವಾಗಿ ಅವನ ಸಂಸ್ಥೆ ಸಾಕ್ಷಿ ನುಡಿಯುತ್ತದೆ. ಸ್ವಂತ ದುಡಿಮೆಯವರು ತಮಗೆ ತಾವೇ ಸಾಕ್ಷಿಯಾಗಬೇಕು, ಮತ್ತು ಆ ಸಾಕ್ಷಿಯ ಸ್ವರೂಪ ದೇಶದಿಂದ ದೇಶಕ್ಕೆ ಬದಲಾಗುತ್ತದೆ. ಎಷ್ಟು ವರ್ಷ ಕಾಯಬೇಕು ಎಂಬುದನ್ನಷ್ಟೇ ನೋಡಿ ದೇಶವನ್ನು ಆರಿಸಿಕೊಂಡವರು ಮೂರನೆಯ ಅಥವಾ ಐದನೆಯ ವರ್ಷದಲ್ಲಿ, ಹಿಂದಿರುಗಿ ಸರಿಪಡಿಸಲಾಗದ ಹಂತದಲ್ಲಿ, ತಮ್ಮ ಬಳಿ ಬೇಕಾದ ಕಾಗದವಿಲ್ಲವೆಂದು ಅರಿಯುತ್ತಾರೆ. ಅದಕ್ಕಾಗಿಯೇ ಜರ್ಮನಿ, ನೆದರ್ಲೆಂಡ್ಸ್, ಬ್ರಿಟನ್, ಜಪಾನ್, ಕೆನಡಾ ದೇಶಗಳನ್ನು ಇಲ್ಲಿ ಸಾಕ್ಷಿಯ ದೃಷ್ಟಿಯಿಂದ ಹೋಲಿಸಿದ್ದೇನೆ. ಈ ನಿಯಮಗಳು ಆಗಾಗ ಬದಲಾಗುವುದರಿಂದ ಅರ್ಜಿ ಹಾಕುವ ಮುನ್ನ ಆಯಾ ಸರ್ಕಾರದ ಅಧಿಕೃತ ಜಾಲತಾಣವನ್ನು ನೋಡಲೇಬೇಕು.

ಕೊಡುಗೆ ಎಂಬ ಮಾತಿನ ಅರ್ಥ

"ಆರ್ಥಿಕ ಕೊಡುಗೆ" ಎಂಬ ಮಾತನ್ನು ಎಲ್ಲ ದೇಶಗಳೂ ಬಳಸುತ್ತವೆ, ಆದರೆ ಅಳೆಯುವ ಕೊಳಗ ಬೇರೆ ಬೇರೆ. ಕೆಲವು ದೇಶಗಳು ಹಿಂದಕ್ಕೆ ನೋಡುತ್ತವೆ: ಇಷ್ಟು ವರ್ಷ ತೆರಿಗೆ, ಪಿಂಚಣಿ ವಂತಿಗೆ, ಆರೋಗ್ಯ ವಿಮೆ ಕಟ್ಟಿದಿರೇ ಎಂದು ಕೇಳುತ್ತವೆ. ಜಪಾನ್ ಈ ಬಗೆಯದು, ಜರ್ಮನಿಯಲ್ಲಿ ಸ್ವತಂತ್ರ ವೃತ್ತಿಯವರ ದಾರಿಯೂ ಬಹುಮಟ್ಟಿಗೆ ಇದೇ. ನೆದರ್ಲೆಂಡ್ಸ್ ಮುಂದಕ್ಕೆ ನೋಡುತ್ತದೆ, ನಿಮ್ಮ ಯೋಜನೆಯಿಂದ ತನಗೆ ಏನು ಸಿಗಲಿದೆ ಎಂಬುದನ್ನು ದೇಶದೊಳಗೆ ಬಿಟ್ಟುಕೊಳ್ಳುವ ಮೊದಲೇ ತೂಗುತ್ತದೆ. ಬ್ರಿಟನ್ ಬೆಳವಣಿಗೆಯನ್ನು ಅಳೆಯುತ್ತದೆ: ಉದ್ಯೋಗ ಎಷ್ಟು, ವಹಿವಾಟು ಎಷ್ಟು, ರಫ್ತು ಎಷ್ಟು.

ಇದು ಹೊರಗಿನವರು ನಮ್ಮನ್ನು ಮಾತ್ರ ಕೇಳುವ ಪ್ರಶ್ನೆಯೆಂದು ಬೇಸರಪಡಬೇಕಾಗಿಲ್ಲ. ನಮ್ಮ ದೇಶವೂ ವಿದೇಶಿಯರನ್ನು ಇದನ್ನೇ ಕೇಳುತ್ತದೆ. ಭಾರತ 2016ರಲ್ಲಿ ವಿದೇಶಿ ಹೂಡಿಕೆದಾರರಿಗಾಗಿ ತಂದ ಶಾಶ್ವತ ವಾಸದ ಯೋಜನೆಯಲ್ಲಿ 18 ತಿಂಗಳೊಳಗೆ 10 ಕೋಟಿ ರೂಪಾಯಿ ಅಥವಾ 36 ತಿಂಗಳೊಳಗೆ 25 ಕೋಟಿ ರೂಪಾಯಿ ಹೂಡಬೇಕು, ವರ್ಷಕ್ಕೆ ಕನಿಷ್ಠ 20 ಭಾರತೀಯರಿಗೆ ಉದ್ಯೋಗ ಕೊಡಬೇಕು. ಕೊಡಗಿನಲ್ಲಿ ನೆಲೆಸಿ ಸಣ್ಣದಾಗಿ ದುಡಿಯಬೇಕೆನ್ನುವ ವಿದೇಶಿಯೊಬ್ಬರಿಗೆ ಅದು ದೂರದ ಮಾತು. ಅದರೊಂದಿಗೆ ಹೋಲಿಸಿದರೆ ಜರ್ಮನಿ ಒಬ್ಬಂಟಿ ಅನುವಾದಕಿಯಿಂದ ಕೇಳುವುದು ಬಹಳ ಸಾಧಾರಣವಾದ ಸಂಗತಿಗಳು.

ಒಂದು ವಿಷಯವನ್ನು ಆರಂಭದಲ್ಲೇ ಸ್ಪಷ್ಟಪಡಿಸಿಕೊಳ್ಳಬೇಕು. ಊರಿನ ತೋಟದ ಆದಾಯ ನಿಮ್ಮನ್ನು ಹಸಿವಿನಿಂದ ಕಾಯಬಹುದು, ಆರಂಭದ ಬಂಡವಾಳವೂ ಆಗಬಹುದು, ಆದರೆ ಅದು ಆ ದೇಶಕ್ಕೆ ನೀವು ಕೊಟ್ಟ ಕೊಡುಗೆಯಾಗುವುದಿಲ್ಲ. ಹತ್ತು ಎಕರೆ ರೊಬಸ್ಟಾ ಇದೆ ಎಂಬ ಪತ್ರವನ್ನು ಕಡತದ ಮೊದಲ ಪುಟದಲ್ಲಿಟ್ಟು, ಅಲ್ಲಿನ ಗ್ರಾಹಕರಿಗೆ ಕೊಟ್ಟ ಬಿಲ್ಲುಗಳನ್ನು ಕೊನೆಗೆ ತಳ್ಳಿದ ಅರ್ಜಿಗಳನ್ನು ನಾನು ಕಂಡಿದ್ದೇನೆ. ಆ ಕ್ರಮ ತಲೆಕೆಳಗಾಗಬೇಕು.

ಜರ್ಮನಿ: ಎರಡು ಬಾಗಿಲುಗಳಿರುವ ಮನೆ

ಜರ್ಮನಿಯ ವಾಸ ಕಾಯ್ದೆಯ 21ನೆಯ ವಿಧಿಯೇ ಸ್ವಂತ ದುಡಿಮೆಯವರ ಆಧಾರ, ಮತ್ತು ಅದರೊಳಗೆ ಎರಡು ಬೇರೆ ದಾರಿಗಳಿವೆ. ಒಂದು ವ್ಯಾಪಾರ ಅಥವಾ ಉದ್ದಿಮೆ ನಡೆಸುವವರಿಗೆ, ಇನ್ನೊಂದು ಸ್ವತಂತ್ರ ವೃತ್ತಿಯವರಿಗೆ, ಅಂದರೆ ಅಲ್ಲಿ "ಫ್ರೈಬೆರುಫ್ಲರ್" ಎಂದು ಕರೆಯುವವರಿಗೆ. ಕಲಾವಿದರು, ಬರಹಗಾರರು, ಪತ್ರಕರ್ತರು, ಅನುವಾದಕರು, ಎಂಜಿನಿಯರುಗಳು, ವಾಸ್ತುಶಿಲ್ಪಿಗಳು, ಬೋಧಕರು, ವೈದ್ಯರು ಈ ಎರಡನೆಯ ಗುಂಪಿಗೆ ಸೇರುತ್ತಾರೆ. ನೀವು ಯಾವ ಗುಂಪಿನವರು ಎಂಬುದು ನಿಮ್ಮ ಇಷ್ಟಕ್ಕೆ ಬಿಟ್ಟದ್ದಲ್ಲ, ಕೆಲಸದ ಸ್ವಭಾವದಿಂದ ಅದು ನಿರ್ಧಾರವಾಗುತ್ತದೆ. ಕಾಫಿಯ ಬಗ್ಗೆ ಬರೆಯುವವರು ಸ್ವತಂತ್ರ ವೃತ್ತಿಯವರು, ಕಾಫಿಯನ್ನು ಹುರಿದು ಮಾರುವವರು ಉದ್ದಿಮೆದಾರರು.

ಉದ್ದಿಮೆದಾರರಾದರೆ ಮೂರು ಸಂಗತಿಗಳನ್ನು ನೋಡುತ್ತಾರೆ: ನಿಮ್ಮ ಉದ್ದಿಮೆಯಲ್ಲಿ ಆರ್ಥಿಕ ಆಸಕ್ತಿ ಅಥವಾ ಆ ಪ್ರದೇಶದ ಅಗತ್ಯ ಇದೆಯೇ, ಅದರಿಂದ ಆರ್ಥಿಕತೆಗೆ ಒಳ್ಳೆಯ ಪರಿಣಾಮ ನಿರೀಕ್ಷಿಸಬಹುದೇ, ಬಂಡವಾಳ ಸ್ವಂತದ್ದಾಗಿ ಅಥವಾ ಸಾಲದ ಭರವಸೆಯಾಗಿ ಖಚಿತವಾಗಿದೆಯೇ. ಹಿಂದೆ ಎರಡೂವರೆ ಲಕ್ಷ ಯೂರೋ ಹೂಡಿಕೆ ಮತ್ತು ಐದು ಉದ್ಯೋಗಗಳೆಂಬ ಅಳತೆಗೋಲಿತ್ತು. 2012ರಲ್ಲಿ ಅದನ್ನು ತೆಗೆದುಹಾಕಿದರೂ ಇಂದಿಗೂ ಅದೇ ಸಂಖ್ಯೆಯನ್ನು ಹೇಳಿ ಹೆದರಿಸುವ ಏಜೆಂಟರಿದ್ದಾರೆ, ನಂಬಬೇಡಿ. ಈ ದಾರಿಯ ದೊಡ್ಡ ಲಾಭವೆಂದರೆ, ಯೋಜಿಸಿದ ಉದ್ದಿಮೆ ಯಶಸ್ವಿಯಾಗಿ ನಡೆದು ನಿಮ್ಮ ಮತ್ತು ಕುಟುಂಬದ ಜೀವನೋಪಾಯ ಭದ್ರವಾಗಿದ್ದರೆ ಮೂರು ವರ್ಷಗಳ ಬಳಿಕವೇ ಶಾಶ್ವತ ವಾಸದ ಪರವಾನಗಿಗೆ ಅರ್ಜಿ ಹಾಕಬಹುದು.

ಕಾಫಿಯವನಿಗೆ ಇಲ್ಲಿ ಒಂದು ವಿಶೇಷ ಅನುಕೂಲವಿದೆ, ಮೇಲ್ನೋಟಕ್ಕೆ ಅದು ಹೊರೆಯಂತೆ ಕಾಣುತ್ತದೆ. ಹುರಿದ ಕಾಫಿಯ ಪ್ರತಿ ಕಿಲೋಗೆ ಜರ್ಮನಿ 2.19 ಯೂರೋ ಕಾಫಿ ತೆರಿಗೆ ಹಾಕುತ್ತದೆ. ತಿಂಗಳಿಗೆ 500 ಕಿಲೋ ಹುರಿದು ಮಾರುವ ಸಣ್ಣ ಘಟಕವೂ ಈ ಒಂದು ಬಾಬಿನಲ್ಲೇ ಒಂದು ಸಾವಿರ ಯೂರೋಗಿಂತ ಹೆಚ್ಚು ಕಟ್ಟುತ್ತದೆ. ಇದಲ್ಲದೆ ಒಬ್ಬರದೇ ಉದ್ದಿಮೆಯಾದರೆ ವರ್ಷದ ಲಾಭ 24,500 ಯೂರೋ ಮೀರಿದಾಗ ಸ್ಥಳೀಯ ಆಡಳಿತಕ್ಕೆ ವ್ಯಾಪಾರ ತೆರಿಗೆಯೂ ಸಲ್ಲುತ್ತದೆ. ಮಾರಾಟ ಬೆಲೆಯನ್ನು ಲೆಕ್ಕ ಹಾಕುವಾಗ ಇವು ಕಷ್ಟವೆನಿಸಿದರೂ, ಕೊಡುಗೆಯನ್ನು ತೋರಿಸಬೇಕಾದ ದಿನ ಇವುಗಳ ರಸೀದಿಗಳಿಗಿಂತ ಗಟ್ಟಿಯಾದ ಕಾಗದ ಬೇರೆಯಿಲ್ಲ.

ಸ್ವತಂತ್ರ ವೃತ್ತಿಯವರಿಗೆ ಪ್ರವೇಶ ಸುಲಭ, ಕಾಯುವಿಕೆ ದೀರ್ಘ. ಅಲ್ಲಿನ ಗ್ರಾಹಕರು ಕೆಲಸ ಕೊಡುವುದಾಗಿ ಬರೆದ ಪತ್ರಗಳು, ಓದಿನ ಮತ್ತು ಅನುಭವದ ದಾಖಲೆ, ಖರ್ಚಿಗೆ ಹಣ, ಆರೋಗ್ಯ ವಿಮೆ ಇದ್ದರೆ ಆರಂಭಿಸಬಹುದು. ಎಲ್ಲ ಗ್ರಾಹಕರೂ ಬೆಂಗಳೂರಿನಲ್ಲೋ ಅಮೆರಿಕದಲ್ಲೋ ಇದ್ದರೆ, ನೀವು ಜರ್ಮನಿಯಲ್ಲಿ ಕುಳಿತೇ ಏಕೆ ಕೆಲಸ ಮಾಡಬೇಕೆಂಬ ಪ್ರಶ್ನೆಗೆ ಉತ್ತರವಿರುವುದಿಲ್ಲ. ಆದ್ದರಿಂದ ಎರಡು ಅಥವಾ ಮೂರು ಸ್ಥಳೀಯ ಗ್ರಾಹಕರನ್ನು ಮೊದಲೇ ಹೊಂದಿಸಿಕೊಳ್ಳಬೇಕು. ಶಾಶ್ವತ ವಾಸಕ್ಕೆ ಮಾತ್ರ ಸಾಮಾನ್ಯ ನಿಯಮವೇ ಅನ್ವಯಿಸುತ್ತದೆ: ಐದು ವರ್ಷಗಳ ವಾಸ, 60 ತಿಂಗಳ ಪಿಂಚಣಿ ವಂತಿಗೆ ಅಥವಾ ಅದಕ್ಕೆ ಸಮಾನವಾದ ವ್ಯವಸ್ಥೆ, ಬಿ1 (ಮಧ್ಯಮ) ಮಟ್ಟದ ಜರ್ಮನ್ ಭಾಷೆ, ಅಲ್ಲಿನ ಸಮಾಜ ಮತ್ತು ಕಾನೂನಿನ ತಿಳಿವಳಿಕೆ, ಸಾಕಷ್ಟು ವಿಸ್ತಾರದ ಮನೆ.

ಈ 60 ತಿಂಗಳುಗಳ ವಿಷಯದಲ್ಲಿಯೇ ಹೆಚ್ಚಿನವರು ಎಡವುತ್ತಾರೆ. ನೌಕರನ ಸಂಬಳದಿಂದ ಪಿಂಚಣಿ ವಂತಿಗೆ ತಾನಾಗಿಯೇ ಕಡಿತವಾಗುತ್ತದೆ, ಆದರೆ ಸ್ವತಂತ್ರ ವೃತ್ತಿಯ ಅನೇಕರಿಗೆ ಅದು ಕಡ್ಡಾಯವಲ್ಲದ ಕಾರಣ ಯಾರೂ ನೆನಪಿಸುವುದಿಲ್ಲ. ಐದು ವರ್ಷ ಚೆನ್ನಾಗಿ ಗಳಿಸಿ, ತೆರಿಗೆಯನ್ನೂ ಕಟ್ಟಿ, ಪಿಂಚಣಿಗೆ ಒಂದು ಯೂರೋವನ್ನೂ ಹಾಕದವರಿಗೆ ಆ ಕೊರತೆ ಅರ್ಜಿಯ ದಿನ ಗೊತ್ತಾಗುತ್ತದೆ. ಮೊದಲ ತಿಂಗಳಿನಿಂದಲೇ ಸ್ವಇಚ್ಛೆಯ ವಂತಿಗೆಯನ್ನು ಆರಂಭಿಸಿ. ಕಲಾವಿದರಿಗೂ ಬರಹಗಾರರಿಗೂ ಕಲಾವಿದರ ಸಾಮಾಜಿಕ ವಿಮಾ ನಿಧಿ ಎಂಬ ಒಳ್ಳೆಯ ಏರ್ಪಾಡು ಅಲ್ಲಿದೆ. ಅದರ ಸದಸ್ಯರು ನೌಕರರಂತೆ ವಂತಿಗೆಯ ಸುಮಾರು ಅರ್ಧವನ್ನಷ್ಟೇ ಕಟ್ಟುತ್ತಾರೆ, ಆ ತಿಂಗಳುಗಳು ಪಿಂಚಣಿಯ ಲೆಕ್ಕಕ್ಕೂ ಸೇರುತ್ತವೆ. ಛಾಯಾಗ್ರಾಹಕ, ವಿನ್ಯಾಸಕಾರ, ಪತ್ರಕರ್ತರಾಗಿ ಹೋಗುವವರು ಇದನ್ನು ಮೊದಲು ವಿಚಾರಿಸಬೇಕು. 45 ವರ್ಷ ದಾಟಿದವರಾದರೆ ಮೊದಲ ಪರವಾನಗಿಗೇ ವೃದ್ಧಾಪ್ಯದ ಭದ್ರತೆಯ ದಾಖಲೆ ಬೇಕಾಗುತ್ತದೆ. ಅಲ್ಲಿಯೇ ಓದಿ ಪದವಿ ಪಡೆದವರಿಗೆ, ಓದಿಗೆ ಸಂಬಂಧಿಸಿದ ಸ್ವಂತ ದುಡಿಮೆಗೆ ನಿಯಮ ಸಡಿಲವಾಗಿದೆ.

ಇನ್ನೊಂದು ಎಚ್ಚರಿಕೆ ನಮ್ಮ ಅಭ್ಯಾಸಕ್ಕೆ ಸಂಬಂಧಿಸಿದ್ದು. ಊರಿನಲ್ಲಿ ಲೆಕ್ಕ ಬರೆಸುವಾಗ ಖರ್ಚನ್ನು ಆದಷ್ಟು ತೋರಿಸಿ ಆದಾಯವನ್ನು ಇಳಿಸುವುದು ಜಾಣತನವೆಂದು ಅನೇಕರು ತಿಳಿದಿದ್ದಾರೆ. ಶಾಶ್ವತ ವಾಸ ಬಯಸುವವರಿಗೆ ಅದು ಕೊಡಲಿ ಪೆಟ್ಟು. ಅಧಿಕಾರಿಗಳು ನೋಡುವುದು ನಿಮ್ಮ ವಹಿವಾಟಿನ ಒಟ್ಟು ಮೊತ್ತವನ್ನಲ್ಲ, ತೆರಿಗೆ ಇಲಾಖೆ ಕಳುಹಿಸಿದ ನಿರ್ಧಾರ ಪತ್ರದಲ್ಲಿ ಖರ್ಚು ಕಳೆದು ಉಳಿದ ಲಾಭವನ್ನು. ಲಾಭ ಬಾಡಿಗೆಗೂ ವಿಮೆಗೂ ಸಾಲದಷ್ಟಿದ್ದರೆ, ಬ್ಯಾಂಕಿನಲ್ಲಿ ಎಷ್ಟೇ ಹಣ ಓಡಾಡಿದ್ದರೂ ಜೀವನೋಪಾಯ ಭದ್ರವಾಗಿಲ್ಲವೆಂದೇ ಅರ್ಥ.

ನೆದರ್ಲೆಂಡ್ಸ್: ಪ್ರವೇಶವೇ ಪರೀಕ್ಷೆ

ನೆದರ್ಲೆಂಡ್ಸಿನಲ್ಲಿ ಕೊಡುಗೆಯ ಪ್ರಶ್ನೆ ಮೊದಲ ದಿನವೇ ಎದುರಾಗುತ್ತದೆ. ವೈಯಕ್ತಿಕ ಅನುಭವ, ವ್ಯವಹಾರ ಯೋಜನೆ, ಡಚ್ ಆರ್ಥಿಕತೆಗೆ ಸಲ್ಲುವ ಹೆಚ್ಚುವರಿ ಮೌಲ್ಯ ಎಂಬ ಮೂರು ಭಾಗಗಳಿಗೆ ತಲಾ 100ರಂತೆ ಅಂಕಗಳಿವೆ, ಪ್ರತಿ ಭಾಗದಲ್ಲೂ ಕನಿಷ್ಠ 30 ಬೇಕು. ಮೂರನೆಯ ಭಾಗದಲ್ಲಿ ಹೊಸತನ, ಉದ್ಯೋಗ ಸೃಷ್ಟಿ ಮತ್ತು ಹೂಡಿಕೆಯನ್ನು ನೋಡುತ್ತಾರೆ. ಅಲ್ಲಿನ ಉದ್ದಿಮೆಗಳ ಸರ್ಕಾರಿ ಸಂಸ್ಥೆ ಇದನ್ನು ಪರಿಶೀಲಿಸಿ ವಲಸೆ ಇಲಾಖೆಗೆ ಸಲಹೆ ಕೊಡುತ್ತದೆ. ಆದ್ದರಿಂದ ಬರೀ ಆಸೆಯ ಮಾತುಗಳಿಂದ ತುಂಬಿದ ಯೋಜನೆ ನಿಲ್ಲುವುದಿಲ್ಲ. ಸಹಿಯಾದ ಒಪ್ಪಂದಗಳು, ಮಾರುಕಟ್ಟೆಯ ವಿವರ, ಬಂಡವಾಳದ ಮೂಲ ಎಲ್ಲವೂ ದಾಖಲೆಯ ರೂಪದಲ್ಲಿರಬೇಕು.

ಅಂತರಜಾಲದಲ್ಲಿ ಹುಡುಕಿದರೆ, 4,500 ಯೂರೋ ಇಟ್ಟರೆ ನೆದರ್ಲೆಂಡ್ಸಿನಲ್ಲಿ ಸ್ವಂತ ದುಡಿಮೆ ಆರಂಭಿಸಬಹುದೆಂಬ ಬರಹಗಳು ಸಿಗುತ್ತವೆ. ಅದು ಅಮೆರಿಕದ ಪ್ರಜೆಗಳಿಗೆ ಒಪ್ಪಂದವೊಂದರ ಮೂಲಕ ದೊರೆತ ರಿಯಾಯಿತಿ. ಭಾರತದ ಪಾಸ್‌ಪೋರ್ಟಿಗೆ ಅದು ಅನ್ವಯಿಸುವುದಿಲ್ಲ, ನಮಗೆ ಅಂಕಗಳ ದಾರಿಯೇ ಗತಿ. ಹೊಸ ಬಗೆಯ ಉದ್ದಿಮೆಯ ಆಲೋಚನೆಯಿರುವವರು ಮಾನ್ಯತೆ ಪಡೆದ ಮಾರ್ಗದರ್ಶಕ ಸಂಸ್ಥೆಯೊಂದರ ಜೊತೆ ಒಂದು ವರ್ಷದ ಸ್ಟಾರ್ಟ್‌ಅಪ್ ಪರವಾನಗಿಯಲ್ಲಿ ಹೋಗಿ, ಆಮೇಲೆ ಸ್ವಂತ ದುಡಿಮೆಯ ಪರವಾನಗಿಗೆ ಬದಲಾಯಿಸಿಕೊಳ್ಳಬಹುದು. ಐದು ವರ್ಷಗಳ ನಿರಂತರ ವಾಸ ಮತ್ತು ನಾಗರಿಕ ಏಕೀಕರಣದ, ಅಂದರೆ ಡಚ್ ಭಾಷೆ ಮತ್ತು ಸಮಾಜದ ತಿಳಿವಳಿಕೆಯ, ಪರೀಕ್ಷೆಯ ಬಳಿಕ ಶಾಶ್ವತ ವಾಸ. ನನ್ನ ಅಭಿಪ್ರಾಯದಲ್ಲಿ ಈ ದೇಶ ಹತ್ತು ವರ್ಷದ ಅನುಭವ ಮತ್ತು ಈಗಾಗಲೇ ಡಚ್ ಗ್ರಾಹಕರಿರುವವರಿಗೆ ಸರಿ, ಇಪ್ಪತ್ತಮೂರರ ಹೊಸಬರಿಗೆ ಅಲ್ಲ.

ಬ್ರಿಟನ್: ಬೇಗ ಸಿಗುತ್ತದೆ, ಬೆಳೆದವರಿಗೆ

ಬ್ರಿಟನ್ನಿನ "ಇನ್ನೊವೇಟರ್ ಫೌಂಡರ್" ವೀಸಾ 2023ರ ಏಪ್ರಿಲ್‌ನಲ್ಲಿ ಜಾರಿಗೆ ಬಂತು. ಹೊಸತನವಿರುವ, ನಡೆಯಬಲ್ಲ, ಹಿಗ್ಗಬಲ್ಲ ಉದ್ದಿಮೆಯೆಂದು ಮಾನ್ಯತೆ ಪಡೆದ ಸಂಸ್ಥೆಯೊಂದು ದೃಢಪಡಿಸಬೇಕು. ಮೂರು ವರ್ಷಗಳ ಬಳಿಕ ಶಾಶ್ವತ ವಾಸಕ್ಕೆ ಅರ್ಜಿ ಹಾಕುವಾಗ ಏಳು ಸಾಧನೆಗಳ ಪಟ್ಟಿಯಲ್ಲಿ ಎರಡನ್ನಾದರೂ ತೋರಿಸಬೇಕು. 50,000 ಪೌಂಡ್ ಹೂಡಿ ಉದ್ದಿಮೆಗೆ ಬಳಸಿರುವುದು, ಅಲ್ಲಿ ನೆಲೆಸಿದವರಿಗೆ ಪೂರ್ಣಾವಧಿಯ 10 ಉದ್ಯೋಗ ಕೊಟ್ಟಿರುವುದು, ಸರಾಸರಿ 25,000 ಪೌಂಡ್ ವಾರ್ಷಿಕ ಸಂಬಳದ 5 ಉದ್ಯೋಗ ಕೊಟ್ಟಿರುವುದು, ವರ್ಷಕ್ಕೆ 10 ಲಕ್ಷ ಪೌಂಡ್ ವಹಿವಾಟು, ಅಥವಾ 5 ಲಕ್ಷದ ವಹಿವಾಟಿನಲ್ಲಿ ಕನಿಷ್ಠ 1 ಲಕ್ಷ ರಫ್ತಿನಿಂದ ಬಂದಿರುವುದು ಆ ಪಟ್ಟಿಯಲ್ಲಿವೆ.

ಒಬ್ಬರೇ ಕುಳಿತು ಮಾಡುವ ದುಡಿಮೆಗೆ ಇದು ಹೊಂದುವುದಿಲ್ಲ. ಅನುವಾದಕಿ ಎಷ್ಟೇ ಶ್ರದ್ಧೆಯಿಂದ ದುಡಿದರೂ ಹತ್ತು ಉದ್ಯೋಗ ಸೃಷ್ಟಿಸಲಾರಳು. ಕಲೆ, ತಂತ್ರಜ್ಞಾನ ಅಥವಾ ಸಂಶೋಧನೆಯಲ್ಲಿ ಈಗಾಗಲೇ ಮನ್ನಣೆ ಪಡೆದವರಿಗೆ ಮಾತ್ರ "ಗ್ಲೋಬಲ್ ಟ್ಯಾಲೆಂಟ್" ಎಂಬ ಇನ್ನೊಂದು ದಾರಿಯಿದೆ. ಅದರಲ್ಲಿ ಸ್ವಂತ ದುಡಿಮೆಗೆ ತಡೆಯಿಲ್ಲ, ಶಾಶ್ವತ ವಾಸದ ಹೊತ್ತಿಗೆ ನಿಮ್ಮ ಕ್ಷೇತ್ರದಲ್ಲೇ ಬ್ರಿಟನ್ನಿನಲ್ಲಿ ಗಳಿಸಿದ್ದೀರೆಂದು ತೋರಿಸಬೇಕು. 2025ರಿಂದ ಅಲ್ಲಿನ ಸರ್ಕಾರ ಶಾಶ್ವತ ವಾಸದ ನಿಯಮಗಳನ್ನೇ ಮರುಪರಿಶೀಲಿಸುತ್ತಿರುವುದರಿಂದ ಹಳೆಯ ಲೆಕ್ಕವನ್ನು ನಂಬಿ ಮನೆ ಮಾರಿ ಹೋಗುವುದು ಸಲ್ಲದು.

ಜಪಾನ್: ಒಂದು ದಿನದ ವಿಳಂಬವೂ ಲೆಕ್ಕಕ್ಕೆ

ಜಪಾನ್ ಹೆಚ್ಚು ಬದಲಾದ ದೇಶ. ಸಣ್ಣ ಉದ್ದಿಮೆಯವರು ಬಳಸುತ್ತಿದ್ದ "ಬಿಸಿನೆಸ್ ಮ್ಯಾನೇಜರ್" ಸ್ಥಾನಕ್ಕೆ ಹಿಂದೆ 50 ಲಕ್ಷ ಯೆನ್ ಬಂಡವಾಳ ಸಾಕಾಗುತ್ತಿತ್ತು. 2025ರ ಅಕ್ಟೋಬರ್ 16ರಿಂದ ಅದು 3 ಕೋಟಿ ಯೆನ್ ಆಗಿದೆ. ಅದರ ಜೊತೆಗೆ ಕನಿಷ್ಠ ಒಬ್ಬ ಪೂರ್ಣಾವಧಿ ನೌಕರ, ಅರ್ಜಿದಾರರಿಗೋ ನೌಕರನಿಗೋ ಉತ್ತಮ ಜಪಾನೀ ಭಾಷೆ, ಆಡಳಿತದ ಮೂರು ವರ್ಷಗಳ ಅನುಭವ ಅಥವಾ ಉನ್ನತ ಪದವಿ, ಯೋಜನೆಗೆ ತಜ್ಞರ ದೃಢೀಕರಣ ಬೇಕು. ಆ ದಿನಕ್ಕಿಂತ ಹಿಂದೆ ಹೋದ ನೆಂಟರ ಅನುಭವ ಇಂದು ನಿಮಗೆ ದಾರಿ ತೋರಿಸುವುದಿಲ್ಲ.

ಶಾಶ್ವತ ವಾಸಕ್ಕೆ ಸಾಮಾನ್ಯವಾಗಿ ಹತ್ತು ವರ್ಷಗಳ ನಿರಂತರ ವಾಸ ಬೇಕು. ಉನ್ನತ ಕೌಶಲದ ಅಂಕ ಪದ್ಧತಿಯಲ್ಲಿ 70 ಅಂಕ ಪಡೆದವರಿಗೆ ಮೂರು ವರ್ಷ, 80 ಪಡೆದವರಿಗೆ ಒಂದು ವರ್ಷ ಸಾಕು. ಆದರೆ ವರ್ಷಗಳಿಗಿಂತ ಕಠಿಣವಾದದ್ದು ಶಿಸ್ತು. ತೆರಿಗೆ, ಪಿಂಚಣಿ, ಆರೋಗ್ಯ ವಿಮೆಯ ವಂತಿಗೆಗಳನ್ನು ಕಟ್ಟಿರುವುದಷ್ಟೇ ಅಲ್ಲ, ಗಡುವಿನೊಳಗೆ ಕಟ್ಟಿರಬೇಕು. ಅರ್ಜಿಗೆ ಮೊದಲು ಬಾಕಿಯನ್ನೆಲ್ಲ ಒಟ್ಟಿಗೆ ತೀರಿಸಿದರೂ ವಿಳಂಬದ ಕಲೆ ಉಳಿಯುತ್ತದೆ. ನೌಕರನ ವಂತಿಗೆಯನ್ನು ಸಂಸ್ಥೆಯೇ ಕಟ್ಟುತ್ತದೆ, ಸ್ವಂತ ದುಡಿಮೆಯವರು ಚೀಟಿ ಹಿಡಿದು ಅಂಗಡಿಗೆ ಹೋಗಿ ಕಟ್ಟುವುದುಂಟು. ಆ ರಸೀದಿಗಳನ್ನು ಕಾಪಾಡಿಡಬೇಕು, ಸಾಧ್ಯವಾದರೆ ಬ್ಯಾಂಕಿನಿಂದಲೇ ಕಡಿತವಾಗುವಂತೆ ಮಾಡಿಕೊಳ್ಳಬೇಕು. ಉದ್ದೇಶಪೂರ್ವಕವಾಗಿ ತೆರಿಗೆ ಕಟ್ಟದವರ ಶಾಶ್ವತ ವಾಸವನ್ನೇ ಹಿಂಪಡೆಯಬಹುದಾದ ತಿದ್ದುಪಡಿಯೂ 2024ರಲ್ಲಿ ಅಂಗೀಕಾರವಾಗಿದೆ.

ಕೆನಡಾ ಮತ್ತು ಕೊಲ್ಲಿ

ಕೆನಡಾದ ಸ್ವ-ಉದ್ಯೋಗಿಗಳ ಯೋಜನೆಯ ಬಗ್ಗೆ ನಮ್ಮಲ್ಲಿ ವಿಚಾರಿಸುವವರು ಎರಡು ಬಗೆಯವರು: ತೋಟ ನಡೆಸಿದ ಅನುಭವವಿರುವವರು ಮತ್ತು ಹಾಕಿಯವರು. ಕೃಷಿ ನಿರ್ವಹಣೆಯ ವಿಭಾಗವನ್ನು 2018ರಲ್ಲೇ ಮುಚ್ಚಲಾಗಿದೆ. ಸಂಸ್ಕೃತಿ ಮತ್ತು ಕ್ರೀಡೆಯ ವಿಭಾಗ ಉಳಿದಿತ್ತು, ಅಲ್ಲಿ ಕಾಲಿಟ್ಟ ದಿನವೇ ಶಾಶ್ವತ ವಾಸ ದೊರೆಯುವ ಕಾರಣ ಪೊನ್ನಂಪೇಟೆಯ ತರಬೇತುದಾರನೊಬ್ಬನಿಗೆ ಅದಕ್ಕಿಂತ ಒಪ್ಪುವ ದಾರಿ ಇರಲಿಲ್ಲ. ಆದರೆ 2024ರ ಏಪ್ರಿಲ್ 30ರಿಂದ ಹೊಸ ಅರ್ಜಿಗಳನ್ನು ತೆಗೆದುಕೊಳ್ಳುವುದನ್ನು ನಿಲ್ಲಿಸಿದ್ದಾರೆ. ಮತ್ತೆ ತೆರೆದಿದೆಯೆಂದು ಅಲ್ಲಿನ ಸರ್ಕಾರವೇ ಪ್ರಕಟಿಸುವವರೆಗೆ ಇದರ ಹೆಸರಿನಲ್ಲಿ ಯಾರಿಗೂ ಮುಂಗಡ ಕೊಡಬೇಡಿ. ಕೆನಡಾದೊಳಗೆ ಸ್ವಂತವಾಗಿ ದುಡಿದ ಅನುಭವವನ್ನು, ಅಲ್ಲಿನ ಕೆಲಸದ ಅನುಭವದ ಮೇಲೆ ಶಾಶ್ವತ ವಾಸ ಕೊಡುವ "ಕೆನಡಿಯನ್ ಎಕ್ಸ್‌ಪೀರಿಯೆನ್ಸ್" ವರ್ಗದಲ್ಲಿ ಸಾಮಾನ್ಯವಾಗಿ ಪರಿಗಣಿಸುವುದಿಲ್ಲ ಎಂಬುದನ್ನೂ ಓದಲು ಹೋದವರು ನೆನಪಿಡಬೇಕು.

ಸಂಯುಕ್ತ ಅರಬ್ ಸಂಸ್ಥಾನಗಳ ಗ್ರೀನ್ ವೀಸಾ ಸ್ವತಂತ್ರ ವೃತ್ತಿಯವರಿಗೆ ಐದು ವರ್ಷಗಳ ವಾಸ ಕೊಡುತ್ತದೆ, ನವೀಕರಿಸಲೂಬಹುದು. ಗಳಿಸಿ ಉಳಿಸಿ ಊರಿಗೆ ಮರಳುವ ಉದ್ದೇಶವಿದ್ದರೆ ಒಳ್ಳೆಯದು. ಅದನ್ನು ಶಾಶ್ವತ ವಾಸವೆಂದು ಮಾತ್ರ ತಿಳಿಯಬಾರದು.

ಕೊಯ್ಲಿನ ಕಾಲದ ಲೆಕ್ಕ

ಇಷ್ಟು ಹೋಲಿಕೆಯಲ್ಲಿ ಯಾರೂ ಹೇಳದ, ಕೊಡಗಿನವರಿಗೆ ಮಾತ್ರ ಬಹಳ ಮುಖ್ಯವಾದ ಸಂಗತಿ ಗೈರುಹಾಜರಿ. ಅರೇಬಿಕಾ ಕೊಯ್ಲು ನವೆಂಬರಿನ ಹೊತ್ತಿಗೆ ಶುರುವಾಗುತ್ತದೆ, ರೊಬಸ್ಟಾ ಮುಗಿಯುವಾಗ ಮಾರ್ಚ್ ಬರುತ್ತದೆ. ಸ್ವಂತ ದುಡಿಮೆಯವರಿಗೆ ರಜೆ ಕೇಳಬೇಕಾದ ಮೇಲಧಿಕಾರಿ ಇಲ್ಲದ ಕಾರಣ, ಪುತ್ತರಿಗೆ ಬಂದವರು ಕೊಯ್ಲು ಮುಗಿಸಿ, ಕಣದಲ್ಲಿ ಕಾಫಿ ಒಣಗಿಸಿ, ಹೂಮಳೆ ಬಂದ ಮೇಲೆ ಹೊರಡುವುದುಂಟು. ಮನೆಗೆ ಅದು ದೊಡ್ಡ ಆಸರೆ, ಅದನ್ನು ನಾನು ತಪ್ಪೆನ್ನುವುದಿಲ್ಲ. ಆದರೆ ಲೆಕ್ಕ ಮಾಡಿ ನೋಡಿ: ನವೆಂಬರಿನ ಕೊನೆಯಿಂದ ಮಾರ್ಚ್ ಕೊನೆಯವರೆಗೆ ಸುಮಾರು 120 ದಿನ. ಬ್ರಿಟನ್ನಿನಲ್ಲಿ ಯಾವುದೇ 12 ತಿಂಗಳಲ್ಲಿ 180 ದಿನ ಮೀರಬಾರದು, ಆದ್ದರಿಂದ ಅಲ್ಲಿ ಇದು ಹೇಗೋ ಹೊಂದುತ್ತದೆ, ಕೈಲ್‌ಪೊಳ್ದಿಗೂ ಬರುತ್ತೇನೆಂದರೆ ಮಾತ್ರ ಅಂಚಿಗೆ ತಲುಪುತ್ತದೆ. ಜರ್ಮನಿಯಲ್ಲಿ ಒಂದೇ ಸಲಕ್ಕೆ ಆರು ತಿಂಗಳು ಹೊರಗಿದ್ದರೆ ಸಾಮಾನ್ಯವಾಗಿ ಪರವಾನಗಿಯೇ ರದ್ದಾಗುತ್ತದೆ. ಜರ್ಮನಿ ಅಥವಾ ನೆದರ್ಲೆಂಡ್ಸಿನಲ್ಲಿ ಐರೋಪ್ಯ ಒಕ್ಕೂಟದ ದೀರ್ಘಕಾಲೀನ ವಾಸಿಯೆಂಬ ಸ್ಥಾನ ಬೇಕೆಂದವರಿಗೆ ನಿಯಮ ಇನ್ನೂ ಬಿಗಿ: ಐದು ವರ್ಷಗಳಲ್ಲಿ ಒಟ್ಟು ಗೈರುಹಾಜರಿ 10 ತಿಂಗಳು ಮೀರಬಾರದು. ಅಂದರೆ ವರ್ಷಕ್ಕೆ ಸರಾಸರಿ ಎರಡು ತಿಂಗಳು. ರೊಬಸ್ಟಾ ಕೊಯ್ಲಿಗೆ ಬರಬಹುದು, ಅರೇಬಿಕಾವನ್ನು ಮನೆಯವರಿಗೆ ಬಿಡಬೇಕು. ಜಪಾನಿನಲ್ಲಿಯೂ ದೀರ್ಘ ಗೈರುಹಾಜರಿಯಿಂದ ನಿರಂತರ ವಾಸದ ಎಣಿಕೆ ಮುರಿಯುತ್ತದೆ.

ಊರಿನಿಂದ ಒಯ್ಯಬೇಕಾದ ಕಾಗದಗಳು

ಬಂಡವಾಳದ ಮೂಲವನ್ನು ತೋರಿಸುವುದು ಕೊಡಗಿನ ಕುಟುಂಬಗಳಿಗೆ ಬೇರೆಯವರಿಗಿಂತ ಕಷ್ಟ, ಇದಕ್ಕೆ ಎರಡು ಕಾರಣಗಳಿವೆ. ಮೊದಲನೆಯದು ತೆರಿಗೆಗೆ ಸಂಬಂಧಿಸಿದ್ದು. ಬೆಳೆದ ಕಾಫಿಯನ್ನು ಹಾಗೆಯೇ ಮಾರಿದರೆ ಅದು ಕೃಷಿ ಆದಾಯ, ಆದಾಯ ತೆರಿಗೆಯಿಲ್ಲ. ಕ್ಯೂರಿಂಗ್ ಮಾಡಿಸಿ ಮಾರಿದರೆ ಆದಾಯದ ಶೇಕಡಾ 25, ಹುರಿದು ಪುಡಿ ಮಾಡಿ ಮಾರಿದರೆ ಶೇಕಡಾ 40 ಮಾತ್ರ ತೆರಿಗೆಗೆ ಒಳಪಡುತ್ತದೆ. ಹೀಗಾಗಿ ಮನೆಗೆ ಒಳ್ಳೆಯ ಆದಾಯವಿದ್ದರೂ ರಿಟರ್ನ್ಸಿನಲ್ಲಿ ಕಾಣುವ ತೆರಿಗೆ ಅಲ್ಪ. ವಿದೇಶದ ಅಧಿಕಾರಿಗೆ ಇದು ಸಂಶಯ ಹುಟ್ಟಿಸುತ್ತದೆ. ಕಾಫಿ ಕೊಂಡವರ ಮತ್ತು ಕ್ಯೂರಿಂಗ್ ವರ್ಕ್ಸಿನ ಬಿಲ್ಲುಗಳು, ಬ್ಯಾಂಕಿಗೆ ಬಂದ ಮೊತ್ತ, ಪಹಣಿ, ಕೃಷಿ ಆದಾಯಕ್ಕೆ ತೆರಿಗೆ ಏಕಿಲ್ಲವೆಂದು ವಿವರಿಸುವ ಲೆಕ್ಕಪರಿಶೋಧಕರ ಪತ್ರ ಇವನ್ನು ಒಟ್ಟಿಗೆ ಕೊಟ್ಟರೆ ಮಾತ್ರ ಕಥೆ ಪೂರ್ತಿಯಾಗುತ್ತದೆ. ನಗದಿಗೆ ಮಾರಿದ ಕಾಫಿಗೆ ಯಾವ ದೇಶದಲ್ಲೂ ಸಾಕ್ಷಿಯಿಲ್ಲ.

ಎರಡನೆಯದು ಒಡೆತನದ ಪ್ರಶ್ನೆ. ಜಮ್ಮಾ ಭೂಮಿಯ ದಾಖಲೆ ಒಕ್ಕದ ಪಟ್ಟೆದಾರರ ಹೆಸರಿನಲ್ಲಿರುತ್ತದೆ, ನಮ್ಮ ಭಾಗ ಎಲ್ಲಿಂದ ಎಲ್ಲಿಯವರೆಗೆ ಎಂಬುದು ಮನೆಯವರಿಗೆ ಗೊತ್ತಿದ್ದರೂ ಕಾಗದಕ್ಕೆ ಗೊತ್ತಿರುವುದಿಲ್ಲ. ಐನ್‌ಮನೆಯ ಹಿರಿಯರು ಒಪ್ಪಿಗೆ ಪತ್ರ ಕೊಟ್ಟರೂ ವಿದೇಶದ ಕಚೇರಿ ಅದನ್ನು ನಿಮ್ಮ ಸ್ವಂತ ಆಸ್ತಿಯೆಂದು ಒಪ್ಪುವುದು ಅನುಮಾನ. ಆದ್ದರಿಂದ ಭೂಮಿಯನ್ನು ಬಂಡವಾಳವೆಂದು ತೋರಿಸುವ ಬದಲು, ತಂದೆ ಅಥವಾ ತಾಯಿ ತಮ್ಮ ಖಾತೆಯಿಂದ ನಿಮ್ಮ ಖಾತೆಗೆ ದಾನಪತ್ರದೊಂದಿಗೆ ವರ್ಗಾಯಿಸಿದ ಹಣವನ್ನು ತೋರಿಸುವುದು ಹೆಚ್ಚು ಗಟ್ಟಿ. ಹೊರಗೆ ಕಳುಹಿಸುವಾಗ ಒಬ್ಬ ವ್ಯಕ್ತಿಗೆ ಹಣಕಾಸು ವರ್ಷವೊಂದಕ್ಕೆ ಎರಡೂವರೆ ಲಕ್ಷ ಡಾಲರ್ ಮಿತಿಯಿದೆ. ವ್ಯವಹಾರದ ಉದ್ದೇಶಕ್ಕಾದರೆ 10 ಲಕ್ಷ ರೂಪಾಯಿ ಮೀರಿದ ಭಾಗಕ್ಕೆ ಬ್ಯಾಂಕು ಶೇಕಡಾ 20 ತೆರಿಗೆಯನ್ನು ಮುಂಗಡವಾಗಿ ಹಿಡಿಯುತ್ತದೆ. ಅದನ್ನು ರಿಟರ್ನ್ಸ್ ಸಲ್ಲಿಸಿ ಹೊಂದಿಸಿಕೊಳ್ಳಬಹುದಾದರೂ ಆ ಹಣ ಕೆಲವು ತಿಂಗಳು ಕೈಗೆ ಸಿಗುವುದಿಲ್ಲ, ಯೋಜನೆಯಲ್ಲಿ ಅದಕ್ಕೆ ಜಾಗವಿರಲಿ.

ಯಾರಿಗೆ ಯಾವುದು

ಒಂಟಿಯಾಗಿ ದುಡಿಯುವ ಅನುವಾದಕಿ, ಛಾಯಾಗ್ರಾಹಕ, ವಿನ್ಯಾಸಕಾರರಿಗೆ ನಾನು ಜರ್ಮನಿಯನ್ನೇ ಹೇಳುತ್ತೇನೆ, ಭಾಷೆ ಕಲಿಯುವ ಮನಸ್ಸಿದ್ದರೆ ಮಾತ್ರ. ಕಾಫಿ ಹುರಿಯುವವರಿಗೂ ಅದೇ ದೇಶ, ಬೇರೆ ಬಾಗಿಲು. ಈಗಾಗಲೇ ಡಚ್ ಸಂಸ್ಥೆಗಳಿಗೆ ಕೆಲಸ ಮಾಡುತ್ತಿರುವ ಅನುಭವಿ ತಂತ್ರಾಂಶ ಸಲಹೆಗಾರರು ನೆದರ್ಲೆಂಡ್ಸನ್ನು ಪ್ರಯತ್ನಿಸಬಹುದು. ಜೊತೆಗಾರರಿದ್ದು, ನೌಕರರನ್ನಿಟ್ಟು ಬೆಳೆಸುವ ಉದ್ದಿಮೆಯಿದ್ದರೆ ಬ್ರಿಟನ್. ಕೈಯಲ್ಲಿ ದೊಡ್ಡ ಬಂಡವಾಳವೂ ಭಾಷೆಯೂ ಇಲ್ಲದವರು ಜಪಾನಿಗೆ ಸ್ವಂತ ದುಡಿಮೆಯ ಹೆಸರಿನಲ್ಲಿ ಹೋಗುವುದು ಬೇಡ, ಮೊದಲು ನೌಕರಿಯಲ್ಲಿ ಹೋಗಿ ಅಂಕಗಳನ್ನು ಸಂಪಾದಿಸುವುದು ಕ್ಷೇಮ. ಹಾಕಿಯ ತರಬೇತುದಾರನಿಗೆ ಇಂದಿನ ದಿನ ನನ್ನ ಬಳಿ ನೇರವಾದ ದಾರಿಯಿಲ್ಲ, ಯುರೋಪಿನ ಕ್ಲಬ್ಬೊಂದರ ಜೊತೆ ಕೆಲಸದ ಒಪ್ಪಂದ ಹುಡುಕಲು ಹೇಳಿದ್ದೇನೆ. ಈ ನಾಲ್ಕು ದೇಶಗಳ ಪ್ರತಿನಿಧಿ ಕಚೇರಿಗಳೂ ಬೆಂಗಳೂರಿನಲ್ಲಿರುವುದರಿಂದ ಆರಂಭದ ಕೆಲಸಕ್ಕೆ ದೆಹಲಿಗೆ ಅಲೆಯಬೇಕಾಗಿಲ್ಲ.

ಶಾಶ್ವತ ವಾಸ ಸಿಕ್ಕ ಬಳಿಕ ಪೌರತ್ವವನ್ನೂ ಪಡೆಯುವ ಆಲೋಚನೆ ಬರುತ್ತದೆ. ಜರ್ಮನಿ 2024ರ ಜೂನ್‌ನಿಂದ ಎರಡು ಪೌರತ್ವಗಳನ್ನು ಒಪ್ಪುತ್ತಿದೆ, ಭಾರತ ಒಪ್ಪುವುದಿಲ್ಲ. ಶಾಶ್ವತ ವಾಸದಲ್ಲಿ ಭಾರತದ ಪಾಸ್‌ಪೋರ್ಟ್ ಉಳಿಯುತ್ತದೆ, ವಿದೇಶಿ ಪೌರತ್ವ ಪಡೆದ ದಿನ ಭಾರತದ ಪೌರತ್ವ ಹೋಗಿ, ಭಾರತ ಮೂಲದ ವಿದೇಶಿ ಪ್ರಜೆಗಳಿಗೆ ಕೊಡುವ ಓ.ಸಿ.ಐ. ಕಾರ್ಡಿಗೆ ಅರ್ಜಿ ಹಾಕಬೇಕಾಗುತ್ತದೆ. ತೋಟದ ವಿಷಯದಲ್ಲಿ ಅನಿವಾಸಿ ಭಾರತೀಯರಿಗೂ ಓ.ಸಿ.ಐ. ಕಾರ್ಡಿನವರಿಗೂ ಒಂದೇ ನಿರ್ಬಂಧವಿದೆ: ಕೃಷಿ ಭೂಮಿಯನ್ನಾಗಲಿ ಪ್ಲಾಂಟೇಶನ್ನನ್ನಾಗಲಿ ಕೊಳ್ಳುವಂತಿಲ್ಲ, ದಾನವಾಗಿಯೂ ಪಡೆಯುವಂತಿಲ್ಲ. ಉತ್ತರಾಧಿಕಾರದಿಂದ ಬಂದದ್ದನ್ನು, ಇಲ್ಲಿ ವಾಸವಿದ್ದಾಗ ಪಡೆದಿದ್ದನ್ನು ಇಟ್ಟುಕೊಳ್ಳಬಹುದು. ಮುಂದೆ ಮಾರಬೇಕೆಂದರೆ ಭಾರತದಲ್ಲೇ ವಾಸವಿರುವ ಭಾರತೀಯ ಪ್ರಜೆಗೆ ಮಾತ್ರ ಮಾರಬೇಕು. ಆದ್ದರಿಂದ ಅಣ್ಣತಮ್ಮಂದಿರ ನಡುವೆ ಬಾಯಿಮಾತಿನಲ್ಲಿ ಆಗಿರುವ ಪಾಲನ್ನು ನೋಂದಾಯಿಸಿ, ಸರ್ವೆ ಮಾಡಿಸಿ, ಪಹಣಿಯಲ್ಲಿ ನಿಮ್ಮ ಹೆಸರು ಕೂರುವಂತೆ ಮಾಡುವ ಕೆಲಸವನ್ನು ವೀಸಾಕ್ಕೆ ಅರ್ಜಿ ಹಾಕುವ ಮೊದಲೇ, ಇಲ್ಲಿ ವಾಸವಿರುವಾಗಲೇ ಮುಗಿಸಿ. ತಾಲ್ಲೂಕು ಕಚೇರಿಯಲ್ಲಿ ಅದಕ್ಕೆ ತಗಲುವ ತಿಂಗಳುಗಳನ್ನು ಹೊರಡುವ ದಿನಾಂಕದಿಂದ ಹಿಂದಕ್ಕೆ ಎಣಿಸಿ ಕೆಲಸ ಶುರುಮಾಡಿ.